ಲಾಹೋರದ ಪಟ್ಟಿಯಲ್ಲಿ ಹುಕ್ಕೇರಿ

ಮೂಡಲಗಿ
೨೯ ಎಪ್ರಿಲ್ ೧೯೯೯

ಸುಮನ್,

ಜೈ ಜಿನೇಂದ್ರ. ನಿನ್ನೆ ನಿನ್ನ ಫೋನು ಬಂದಾಗ ನೆರೆಮನೆಯವರ ಪಡಸಾಲೆ ತುಂಬ ಜನ ಕೂತಿದ್ದರು. ಅವರ ಫೋನು, ಅವರ ಮನೆ. ನಾನು ಹೂಂ, ಹೂಂ ಎನ್ನುವುದರ ಹೊರತು ಏನು ಮಾತಾಡಲಿ? ಇಟ್ಟ ಮೇಲೆ ಯಾರು ತೀರಿಕೊಂಡರು ಎಂದು ಕೇಳಿದರು. ಎರಡು ಕಂಪ್ಯೂಟರು ಎಂದೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಗೋಕಾಕದ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಹುಕ್ಕೇರಿಯಲ್ಲಿ ಆ ಕಂಪ್ಯೂಟರ್ ಕ್ಲಾಸು ಎತ್ತಿ ನಿಲ್ಲಿಸಲು ನೀನು ಪಟ್ಟ ಪಾಡು ನನಗೆ ಗೊತ್ತು.

ಇದು ನಿನ್ನೊಬ್ಬಳ ಗೋಳಲ್ಲ. ಸೋಮವಾರ, ಇಪ್ಪತ್ತಾರನೇ ತಾರೀಖು, ಈ ವೈರಸ್ಸು ಊರೂರಿನಲ್ಲಿ ಯಂತ್ರಗಳನ್ನು ಮಲಗಿಸಿದೆ. ತಿಂಗಳುಗಟ್ಟಲೆ ಸುಮ್ಮನೆ ಒಳಗೆ ಕೂತಿರುತ್ತದೆ. ತನ್ನ ತಾರೀಖು ಬಂದ ದಿನ ಯಂತ್ರ ಹಚ್ಚಿದರೆ ಇದ್ದದ್ದನ್ನೆಲ್ಲ ಅಳಿಸಿಬಿಡುತ್ತದೆ. ನಿನ್ನ ಮೂರನೆಯ ಕಂಪ್ಯೂಟರು ಉಳಿದದ್ದು ನಿನ್ನ ಯಜಮಾನರ ಪುಣ್ಯ. ಸೈನ್ಯದಿಂದ ರಜೆಗೆ ಬಂದ ಮನುಷ್ಯ ಉಂಡು ಮಲಗುವುದು ಬಿಟ್ಟು ಅದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರಲ್ಲ, ಹೀಗಾಗಿ ಆ ದಿನ ಅದನ್ನು ಯಾರೂ ಹಚ್ಚಲಿಲ್ಲ. ಬಾಳೇಶ ಅವರನ್ನು ಇನ್ನು ಬೈಯಬೇಡ.

ನನ್ನ ಎರಡೂ ಕಂಪ್ಯೂಟರು ಉಳಿದಿವೆ. ನನ್ನ ಹತ್ತಿರ ಒಂದು ಸಣ್ಣ ಪ್ರೋಗ್ರಾಮು ಇದೆ, ವೈರಸ್ ಹಿಡಿಯುವುದು. ಅದನ್ನು ಬರೆದವರು ಲಾಹೋರದ ರಶೀದ ಎಂಬುವರು, ಅಲ್ಲಿಯ ಕಾಲೇಜಿನಲ್ಲಿ ಗಣಿತದ ಮಾಸ್ತರ. ಎರಡು ವರ್ಷದ ಹಿಂದೆ ಒಂದು ಮಾಸಿಕದ ಜೊತೆ ಬಂದ ಸೀಡಿಯಲ್ಲಿ ಸಿಕ್ಕಿತು. ಪುಕ್ಕಟೆ. ಕೊನೆಯಲ್ಲಿ ಒಂದು ಮಾತು ಬರೆದಿದ್ದರು: ಇದರಿಂದ ಏನಾದರೂ ಹಿಡಿದರೆ ಒಂದು ನಮೂನೆ ನನಗೂ ಕಳುಹಿಸಿ, ಅದನ್ನು ನೋಡಿ ನಾನು ಕಲಿಯುತ್ತೇನೆ. ಲಾಹೋರ ಎಂದೊಡನೆ ಹುಬ್ಬು ಏರಿಸಬೇಡ ಮತ್ತೆ. ಮೊನ್ನೆ ಫೆಬ್ರುವರಿಯಲ್ಲಿ ಪ್ರಧಾನಿಯವರ ಬಸ್ಸೇ ಅಲ್ಲಿಗೆ ಹೋಗಿ ಬಂತು, ನಾನು ಕಳಿಸುವುದು ಬರೀ ಈ-ಮೇಲು.

ನಮ್ಮ ಅತ್ತೆ ಪದ್ಮವ್ವ ನೀರು ಸೋಸುವುದನ್ನು ನೀನು ನೋಡಿದ್ದೀಯಲ್ಲ. ಸೋಸಿದ ಮೇಲೆ ಆ ಬಟ್ಟೆಯನ್ನು ಎಲ್ಲೆಂದರಲ್ಲಿ ಜಾಡಿಸುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳು ಯಾವ ಬಾವಿಯವೋ ಆ ಬಾವಿಗೇ ಹೋಗಬೇಕು. ನಳ ಬಂದ ಮೇಲೆ ದೊಡ್ಡ ಪೇಚಾಟವಾಯಿತು. ನಳದ ನೀರು ಘಟಪ್ರಭೆಯದು, ಕಾಲುವೆಯೂ ಧುಪದಾಳದಿಂದ ಬರುವ ಅದೇ ನದಿಯದು ಎಂದು ಯಾರೋ ಹೇಳಿದರು. ಈಗ ದಿನಾ ಬೆಳಿಗ್ಗೆ ತಂಬಿಗೆ ಹಿಡಿದು ಕಾಲುವೆಗೆ ಹೋಗುತ್ತಾರೆ. ನಾನೂ ಅವರ ಸೊಸೆಯೇ. ಹಿಡಿದ ವೈರಸ್ಸನ್ನೆಲ್ಲ ಪ್ರತಿ ಮಂಗಳವಾರ ಗೋಕಾಕದ ಇಂಟರ್ನೆಟ್ ಅಂಗಡಿಗೆ ಹೋಗಿ ರಶೀದರಿಗೆ ಕಳುಹಿಸುತ್ತೇನೆ.

ಫ್ಲಾಪಿಯನ್ನು ಕಂಡಕ್ಟರ್ ದುರ್ಗಪ್ಪನ ಕೈಗೆ ಕೊಟ್ಟಿದ್ದೇನೆ. ಮೂರನೆಯದನ್ನು ಇದರಿಂದ ಸೋಸು. ಸಿಕ್ಕದ್ದನ್ನು ಇದೇ ಫ್ಲಾಪಿಯಲ್ಲಿ ಹಾಕಿ ತಿರುಗಿ ಕಳುಹಿಸು.

ನಿನ್ನ
ಶುಭಾಂಗಿ


ಹುಕ್ಕೇರಿ
೮ ಮೇ ೧೯೯೯

ಶುಭಾ,

ದುರ್ಗಪ್ಪ ನಿನ್ನ ಫ್ಲಾಪಿಯನ್ನು ಟಿಕೀಟಿನ ಚೀಲದಲ್ಲಿ ಇಟ್ಟುಕೊಂಡು ತಂದ. ಚಿಲ್ಲರೆ ಹಣದ ನಡುವೆ ಇಟ್ಟರೆ ಕೆಡುವುದಿಲ್ಲವೇ ಎಂದು ಕೇಳಿದರೆ, ಕೆಟ್ಟರೆ ಮೂಡಲಗಿ ಅಕ್ಕನನ್ನು ಕೇಳಿ ಎಂದ. ಕೆಟ್ಟಿರಲಿಲ್ಲ. ಸೋಸಿದೆ. ಸಿಕ್ಕಿತು.

ಯಾವ ಫೈಲು ಕಳುಹಿಸಬೇಕು ಎಂದು ನನಗೆ ತಿಳಿಯಲಿಲ್ಲ. ಅದು ಸಿಕ್ಕ ಫೋಲ್ಡರಿನಲ್ಲಿ ಇದ್ದದ್ದನ್ನೆಲ್ಲ ಹಾಕಿದ್ದೇನೆ. ಅದರಲ್ಲಿ ಇವರ ದನಿಯೂ ಇದೆ, ನೋಡಿ ಬೇಕಾದ್ದು ತೆಗೆದುಕೋ.

ದನಿಯ ಕಥೆ ಕೇಳು. ಇವರು ಆ ಯಂತ್ರದ ಹೊಟ್ಟೆ ಬಿಚ್ಚಿದ್ದು ಅದಕ್ಕೆ ಬಾಯಿ ಕೊಡಲು. ಬೆಳಗಾವಿಯಿಂದ ಒಂದು ಮೈಕು, ಒಂದು ಸೌಂಡ್ ಕಾರ್ಡು ತಂದಿದ್ದರು. ಸೈನ್ಯದಲ್ಲಿ ವೈರ್‌ಲೆಸ್ಸಿನ ಕೆಲಸ, ರಜೆಗೆ ಬಂದರೂ ಕಿವಿಗೆ ಕೈ ಹಚ್ಚಿಕೊಂಡೇ ಇರುತ್ತಾರೆ. ಎಲ್ಲ ಜೋಡಿಸಿ ಮೈಕಿನ ಮುಂದೆ ಕೂತು ತಮ್ಮ ಡ್ಯೂಟಿಯ ದನಿಯಲ್ಲಿ ಶುರು ಮಾಡಿದರು: "ಹಲೋ, ಹಲೋ. ಬಾಳೇಶ ಮಾತಾಡಾಕತ್ತೇನಿ. ಊರು ಘೋಡಗೇರಿ, ಸದ್ಯ ಮುಕ್ಕಾಂ ಕಾರಗಿಲ್. ಕೇಳಸಾಕತ್ತೈತೇನು?" ಓಣಿಗೆಲ್ಲ ಕೇಳುವ ಹಾಗೆ. ನಾನು ಒಳಗಿನಿಂದ, "ಕೇಳಸಾಕತ್ತೈತ್ರಿ, ಒದರಬ್ಯಾಡ್ರಿ" ಎಂದೆ. ಅದೂ ಒಳಗೆ ಕೂತುಬಿಟ್ಟಿದೆ! ಕ್ಲಾಸಿನ ಹುಡುಗಿಯರು ದಿನಕ್ಕೆ ಹತ್ತು ಸಲ ಹಚ್ಚಿ ನಗುತ್ತಾರೆ. ಗಂಡ ಹೆಂಡತಿ ಜಗಳವನ್ನು ಯಂತ್ರದಲ್ಲಿ ಇಟ್ಟವರು ಹುಕ್ಕೇರಿಯಲ್ಲಿ ನಾವೇ ಮೊದಲು.

ಮನೆಯೂ ಕ್ಲಾಸೂ ಇರುವ ಈ ಮಾಳಿಗೆಯ ಮಾಲೀಕರಾದ ಅಣ್ಣಾಸಾಹೇಬ ಕಾಕಾ ಸಂಜೆ ಫ್ಯಾನಿನ ಗಾಳಿಗೆಂದು ಮೇಲೆ ಬರುತ್ತಾರೆ. ಎಪ್ಪತ್ತೊಂದರ ಯುದ್ಧದಲ್ಲಿ ಇದ್ದವರು. ಈ ಪ್ರೋಗ್ರಾಮು ಲಾಹೋರದ್ದು ಎಂದು ನಾನೇ ಹೇಳಿದೆ. ಇಲ್ಲಿಂದ ಬಸ್ಸು ಹೋಯಿತು, ಅಲ್ಲಿಂದ ಫ್ಲಾಪಿ ಬಂತು, ಲೆಕ್ಕ ಸರಿಹೋಯಿತು ಎಂದು ನಕ್ಕರು.

ಇವರು ನಾಡಿದ್ದು ಹೊರಡುತ್ತಾರೆ. ಕಾರಗಿಲ್ ಎಂದರೆ ಲಡಾಖದ ಹಾದಿಯಲ್ಲಿ ಒಂದು ಊರಂತೆ. ಬರೀ ಚಳಿ, ಬೇರೆ ಏನೂ ಇಲ್ಲ, ಬೇಸರ ಬರುತ್ತದೆ ಎನ್ನುತ್ತಾರೆ. ಉಂಡಿ ಕಟ್ಟುವುದಿದೆ. ಇಷ್ಟೇ.

ಸುಮನ್


ಮೂಡಲಗಿ
೨೦ ಮೇ ೧೯೯೯

ಸುಮನ್,

ನಿನ್ನ ಫ್ಲಾಪಿ ಗೋಕಾಕಕ್ಕೆ ಹೋಗಿ ರಶೀದರಿಗೂ ಮುಟ್ಟಿತು. ಎರಡೇ ದಿನದಲ್ಲಿ ಉತ್ತರ. ನೀನು ಹಿಡಿದದ್ದು ಸಾಮಾನ್ಯದ್ದಲ್ಲವಂತೆ. ಉಳಿದವರ ವೈರಸ್ಸು ವರ್ಷಕ್ಕೊಮ್ಮೆ ಏಳುತ್ತದೆ. ನಿನ್ನದು ಪ್ರತಿ ತಿಂಗಳ ಇಪ್ಪತ್ತಾರಕ್ಕೆ ಏಳುವ ಜಾತಿ. ಅದನ್ನೂ ಹಿಡಿಯುವ ಹಾಗೆ ಪ್ರೋಗ್ರಾಮು ತಿದ್ದಿ ಕಳುಹಿಸಿದ್ದಾರೆ. ಇದರ ಜೊತೆಗಿರುವ ಫ್ಲಾಪಿ ಅದೇ. ಹುಡುಗಿಯರು ಹೊರಗಿನಿಂದ ಫ್ಲಾಪಿ ತಂದಾಗಲೆಲ್ಲ ಮೊದಲು ಸೋಸು, ಆಮೇಲೆ ಒಳಗೆ ಬಿಡು.

ಇನ್ನೊಂದು ಮಜಾ. ಯಾವ ಊರಿನಿಂದ ನಮೂನೆ ಬಂತೋ ಆ ಊರಿನ ಹೆಸರನ್ನೇ ವೈರಸ್ಸಿಗೆ ಇಡುವುದು ಅವರ ಪದ್ಧತಿ. ಅವರ ಪಟ್ಟಿಯಲ್ಲಿ ನೈರೋಬಿ ಇದೆ, ಢಾಕಾ ಇದೆ, ಕಟಕ್ ಇದೆ. ಈಗ ಹುಕ್ಕೇರಿಯೂ ಸೇರಿತು. ತಪಾಸಣೆ ನಡೆಯುವಾಗ ಪರದೆಯ ಮೇಲೆ ಓಡುತ್ತದೆ, ನೋಡು. ನಮ್ಮ ಮೂಡಲಗಿಗೆ ಆ ಭಾಗ್ಯ ಬರಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಪೇಪರಿನಲ್ಲಿ ಕಾರಗಿಲ್ ಎಂಬ ಹೆಸರು ಓದಿದೆ. ಬಾಳೇಶ ಅವರು ಮುಟ್ಟಿದ ಸುದ್ದಿ ಬಂತೇ? ಬಂದೊಡನೆ ಒಂದು ಕಾರ್ಡು ಹಾಕು.

ಶುಭಾಂಗಿ


ಹುಕ್ಕೇರಿ
೯ ಜೂನ್ ೧೯೯೯

ಶುಭಾಂಗಿ,

ಇವರಿಂದ ಒಂದೇ ಕಾಗದ ಬಂದಿದೆ, ಅದೂ ದಾರಿಯಲ್ಲಿ ಬರೆದದ್ದು. ಆಮೇಲೆ ಇಲ್ಲ. ಟಿವಿ ಹಚ್ಚಿದರೆ ಗುಡ್ಡ, ಹೊಗೆ, ಮತ್ತೆ ಗುಡ್ಡ. ಘೋಡಗೇರಿಯಿಂದ ಅತ್ತೆ ಸಾತವ್ವ ಬಂದು ಇಲ್ಲಿಯೇ ಇದ್ದಾರೆ. ಅವರು ಟಿವಿಯ ಮುಂದೆ ಕೂತು ಪ್ರತಿ ಸಿಪಾಯಿಯ ಮುಖ ನೋಡುತ್ತಾರೆ.

ಮೊನ್ನೆ ಸಂಜೆ ನಿನ್ನ ಪ್ರೋಗ್ರಾಮು ಹಚ್ಚಿದ್ದೆ. ಅಣ್ಣಾಸಾಹೇಬ ಕಾಕಾ ಹಿಂದೆ ನಿಂತಿದ್ದರು. ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು. ಹುಕ್ಕೇರಿ ಬಂತು. ಲಾಹೋರದ ಪ್ರೋಗ್ರಾಮಿನ ಹೊಟ್ಟೆಯಲ್ಲಿ ನಮ್ಮ ಊರ ಹೆಸರು ಯಾಕಿದೆ ಎಂದು ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮೇ ತಿಂಗಳಲ್ಲಾಗಿದ್ದರೆ ನಗುತ್ತಿದ್ದರು. ಈ ಸಲ ಕುರ್ಚಿ ಎಳೆದುಕೊಂಡು ಕೂತರು. ದನಿ ಏರಿಸಲಿಲ್ಲ. ಅವರು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ:

"ಸುಮನ್, ಮನಿ ಕಸಾ ತಗ್ಯಾಕ ಬಂದಾಂವಗ ಮನಿ ತುಂಬ ಅಡ್ಡಾಡಾಕ ಬಿಡಬೇಕಾಗ್ತೈತಿ. ಅಂವಾ ಬರೇ ಕಸಾ ನೋಡ್ತಾನ, ಪೆಟಿಗಿ ನೋಡೂದಿಲ್ಲಂತ ನಿನಗ ಹ್ಯಾಂಗ ಗೊತ್ತು?"

ನೀನಾದರೆ ಏನು ಹೇಳುತ್ತಿದ್ದೆ? ಮರುದಿನದ ಹೊತ್ತಿಗೆ ಮಾತು ಬಜಾರಕ್ಕೆ ಹೋಗಿತ್ತು. ನಾಲ್ಕು ಹುಡುಗಿಯರನ್ನು ಮನೆಯವರು ಬಿಡಿಸಿದರು. ಗಂಡ ಗಡಿಯಲ್ಲಿ, ಹೆಂಡತಿ ವೈರಿಯ ಸಾಮಾನು ಇಟ್ಟುಕೊಂಡಿದ್ದಾಳೆ ಎಂದು ಒಬ್ಬಳ ತಾಯಿ ಮೆಟ್ಟಿಲ ಮೇಲೆ ನಿಂತು ಹೇಳಿದಳು. ಒಳಗೆ ಸಾತವ್ವ ಕೇಳುತ್ತಿದ್ದರು.

ಪ್ರೋಗ್ರಾಮು ತೆಗೆದುಹಾಕಿದ್ದೇನೆ. ಕಾಕಾ ಬೆಳಗಾವಿಯಿಂದ ಅಮೆರಿಕದ್ದೊಂದು ತರಿಸಿದ್ದಾರೆ. ಅದು ಹಳೆಯದು. ಹೊಸದು ಬೇಕೆಂದರೆ, ಅಣುಪರೀಕ್ಷೆ ಆದಾಗಿನಿಂದ ಅವರು ನಮಗೆ ಎಲ್ಲವನ್ನೂ ಕೊಡುವುದಿಲ್ಲ ಎಂದನಂತೆ ಅಂಗಡಿಯವ. ಖರೆಯೋ ಸುಳ್ಳೋ ಯಾರಿಗೆ ಗೊತ್ತು? ಅಮೆರಿಕದವರು ನಮ್ಮನ್ನು ನಂಬುವುದಿಲ್ಲ, ನಾವು ಲಾಹೋರದವರನ್ನು ನಂಬುವುದಿಲ್ಲ.

ಒಂದೇ ಒಂದು ಕೇಳುತ್ತೇನೆ. ಮೇ ತಿಂಗಳಲ್ಲಿ ನಾನು ಕೊಟ್ಟ ಫ್ಲಾಪಿಯಲ್ಲಿ ಇವರ ದನಿ ಇತ್ತು. ಹೆಸರು, ಊರು, ಮುಕ್ಕಾಂ ಎಲ್ಲ ಅದರಲ್ಲಿ ಇತ್ತು. ನೀನು ಅದನ್ನು ತೆಗೆದಿಟ್ಟು ಉಳಿದದ್ದನ್ನು ಕಳುಹಿಸಿದ್ದೀಯಲ್ಲವೇ?

ಸುಮನ್


ಮೂಡಲಗಿ
೧೪ ಜೂನ್ ೧೯೯೯

ಸುಮನ್,

ತೆಗೆದಿಡಲಿಲ್ಲ. ಇಡಿಯಾಗಿ ಹೋಯಿತು.

ಈ ಕಾಗದವನ್ನು ನಾಲ್ಕು ಸಲ ಬೇರೆ ಬೇರೆ ರೀತಿಯಲ್ಲಿ ಶುರು ಮಾಡಿ ಹರಿದೆ. ಹೇಗೆ ಬರೆದರೂ ಮಾತು ಅಷ್ಟೇ. ಆ ಮಂಗಳವಾರ ಗೋಕಾಕದಲ್ಲಿ ಕರೆಂಟು ಹೋಗುವ ಹೊತ್ತಾಗಿತ್ತು. ನಿನ್ನ ಫ್ಲಾಪಿ ಬಿಚ್ಚಿ ನೋಡದೆ ಎಲ್ಲವನ್ನೂ ಕಟ್ಟಿ ಕಳುಹಿಸಿಬಿಟ್ಟೆ. ದನಿ ಇದೆ ಎಂದು ನೀನು ಕಾಗದದಲ್ಲಿ ಬರೆದದ್ದನ್ನು ಓದಿಯೂ ಇದ್ದೆ, ನಕ್ಕೂ ಇದ್ದೆ. ಅಂದು ಕಾರಗಿಲ್ ಎಂಬುದು ಚಳಿಯ ಊರಿನ ಹೆಸರಾಗಿತ್ತು, ಅಷ್ಟೇ.

ಅಣ್ಣಾಸಾಹೇಬ ಕಾಕಾ ಕೇಳಿದ್ದನ್ನು ನಾನೂ ಕೇಳಬೇಕಾಗಿತ್ತು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಇದೊಂದನ್ನು ಅವರಿಗೆ ಹೇಳು. ರಶೀದರ ಪ್ರೋಗ್ರಾಮು ನಿನ್ನ ಮನೆಯಿಂದ ಏನನ್ನೂ ಒಯ್ದಿಲ್ಲ. ನಿನ್ನ ಯಂತ್ರಕ್ಕೆ ಫೋನಿನ ತಂತಿಯೇ ಇಲ್ಲ, ಯಾವ ದಾರಿಯಿಂದ ಒಯ್ಯಬೇಕು? ಒಯ್ದವಳು ನಾನು. ಬೈಯುವುದಿದ್ದರೆ ಮೂಡಲಗಿಯ ಕಡೆ ಮುಖ ಮಾಡಿ ಬೈಯಲಿ.

ಅದನ್ನು ಅಳಿಸಿಬಿಡಿ ಎಂದು ರಶೀದರಿಗೆ ಬರೆಯೋಣವೆಂದು ಗೋಕಾಕಕ್ಕೆ ಹೋದೆ. ಅವರ ಇಂಟರ್ನೆಟ್ ಪುಟ ತೆರೆಯಲಿಲ್ಲ. ಅವರ ಅಂಚೆಪೆಟ್ಟಿಗೆಯೂ ಅದೇ ಪುಟದ್ದು, ಕಳುಹಿಸಿದ ಈ-ಮೇಲು ತಿರುಗಿ ಬಂತು. ಅಂಗಡಿಯವ, "ಆ ಕಡೀದು ಯಾವ್ದೂ ತೆರ್ಯಾಂಗಿಲ್ರಿ ಅಕ್ಕಾ, ಮ್ಯಾಲಿಂದನ ಬಂದ್ ಮಾಡ್ಯಾರ" ಎಂದ. ನಾವು ಮುಚ್ಚಿದೆವೋ ಅವರು ಮುಚ್ಚಿದರೋ ಅವನಿಗೂ ತಿಳಿಯದು. ನನ್ನ ಹಿಂದೆ ಕೂತ ಇಬ್ಬರು ನಾನು ಟೈಪು ಮಾಡುವ ಹೆಸರನ್ನೇ ನೋಡುತ್ತಿದ್ದರು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ: ಸೋಸು ಬಟ್ಟೆಯ ಜೊತೆಗೆ ಹೋಗಬಾರದ್ದು ಏನಾದರೂ ಬಾವಿಗೆ ಬಿದ್ದರೆ ಏನು ಮಾಡಬೇಕು? ಮೂಗುತಿಯೇ ಎಂದು ಕೇಳಿದರು. ಹೂಂ ಎಂದೆ. "ಬಾವ್ಯಾಗ ಬಿದ್ದದ್ದು ಬಾವ್ಯಾಗ ಇರ್ತೈತಿ. ಎಲ್ಲಿಗಿ ಹೋಗ್ತೈತಿ?" ಎಂದರು. ನನಗೆ ಸಮಾಧಾನವಾಗಲಿಲ್ಲ.

ಈಗ ಎಲ್ಲಕ್ಕಿಂತ ಅವಸರದ ಮಾತು, ಕೋಪವಿದ್ದರೂ ಇದನ್ನು ಓದು. ಕಾಕಾ ತರಿಸಿದ ಹಳೆಯದಕ್ಕೆ ನಿನ್ನ ತಿಂಗಳ ವೈರಸ್ಸು ಕಾಣುವುದಿಲ್ಲ. ಯಾವಳೋ ಒಬ್ಬಳ ಫ್ಲಾಪಿಯಲ್ಲಿ ಅದು ಮತ್ತೆ ಬರುತ್ತದೆ, ಬಂದೂ ಇರಬಹುದು. ಬಾಳೇಶ ಅವರ ದನಿಯನ್ನು ಬೇರೆ ಫ್ಲಾಪಿಗೆ ಹಾಕಿ ಮೇಲೆ ಎತ್ತಿಡು. ಇಪ್ಪತ್ತೈದನೇ ತಾರೀಖಿನ ಸಂಜೆ ಕಂಪ್ಯೂಟರಿನ ತಾರೀಖನ್ನು ನೀನೇ ಇಪ್ಪತ್ತೇಳಕ್ಕೆ ತಿರುಗಿಸು. ಅದಕ್ಕೆ ಇಪ್ಪತ್ತಾರು ಬಂದದ್ದೇ ತಿಳಿಯಬಾರದು. ಇದಕ್ಕೆ ಯಾವ ದೇಶದ ಪ್ರೋಗ್ರಾಮೂ ಬೇಡ.

ಶುಭಾಂಗಿ


ಮೂಡಲಗಿ
೩ ಜುಲೈ ೧೯೯೯

ಸುಮನ್,

ಕಾರ್ಡು ಹಾಕುತ್ತಿದ್ದೇನೆ, ಲಕೋಟೆಯಾದರೆ ನೀನು ಒಡೆಯುವುದಿಲ್ಲವೇನೋ. ಇಪ್ಪತ್ತಾರು ದಾಟಿತೇ? ತಾರೀಖು ತಿರುಗಿಸಿದೆಯಾ? ಬಾಳೇಶ ಅವರ ಸುದ್ದಿ ಏನು? ಎರಡು ಸಲ ಫೋನು ಮಾಡಿದೆ, ಸಾತವ್ವ ಎತ್ತಿ ನೀನಿಲ್ಲ ಎಂದರು. ಹಿಂದೆ ನಿನ್ನ ಬಳೆಯ ಸಪ್ಪಳ ಕೇಳಿಸಿತು. ಇರಲಿ. ಹೂಂ ಅಥವಾ ಉಹೂಂ ಎಂದು ಬರೆದರೂ ಸಾಕು.

ಶುಭಾಂಗಿ


ಹುಕ್ಕೇರಿ
೨೨ ಜುಲೈ ೧೯೯೯

ಶುಭಾಂಗಿ,

ಉಹೂಂ.

ನಿನ್ನ ಜೂನ್ ತಿಂಗಳ ಲಕೋಟೆಯನ್ನು ನಿನ್ನೆ ಒಡೆದೆ. ಅದು ಬಂದ ದಿನ ದೇವರ ಮಾಡದ ಗೂಡಿನಲ್ಲಿ ಎಸೆದಿದ್ದೆ. ಓದಿದರೆ, ದನಿ ತೆಗೆದಿಡಲಿಲ್ಲ ಎಂದೇ ಒಳಗೆ ಇರುತ್ತದೆ ಎಂದು ಗೊತ್ತಿತ್ತು. ಓದದಿದ್ದರೆ ಇರುವುದಿಲ್ಲ ಎನಿಸಿತ್ತು.

ಇಪ್ಪತ್ತಾರರ ಬೆಳಿಗ್ಗೆ ಕ್ಲಾಸಿಗಿಂತ ಮೊದಲು ಕಂಪ್ಯೂಟರು ಹಚ್ಚಿದೆ. ದಿನಾ ಹಾಗೆಯೇ ಮಾಡುತ್ತಿದ್ದೆ. ಇವರ ದನಿ ಒಮ್ಮೆ ಕೇಳಿ ಆಮೇಲೆ ಕಸ ಗುಡಿಸುತ್ತಿದ್ದೆ. ಆ ದಿನ ಕಪ್ಪು ಪರದೆಯಷ್ಟೇ ಬಂತು. ಅಣ್ಣಾಸಾಹೇಬ ಕಾಕಾ ಬೆಳಗಾವಿಗೆ ಒಯ್ದು ತೋರಿಸಿಕೊಂಡು ಬಂದರು. ಏನೂ ಉಳಿದಿಲ್ಲ ಎಂದರಂತೆ. ಅವರು ನನ್ನ ಮುಖ ನೋಡದೆ ಅದನ್ನು ಮೇಜಿನ ಮೇಲಿಟ್ಟು ಇಳಿದು ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ.

ಇವರು ಇದ್ದಾರೆ. ಶ್ರೀನಗರದ ಆಸ್ಪತ್ರೆಯಿಂದ ಚಂಡೀಗಡಕ್ಕೆ ತಂದಿದ್ದಾರೆ. ಬಾಜೂದಲ್ಲೇ ಶೆಲ್ಲು ಸಿಡಿಯಿತಂತೆ. ಕೈಕಾಲು ನೆಟ್ಟಗಿವೆ. ಎರಡೂ ಕಿವಿ ಹೋಗಿವೆ. ಕೇಳುವ ಶಕ್ತಿ ತಿರುಗಿ ಬರುವುದಿಲ್ಲ ಎಂದು ಆಸ್ಪತ್ರೆಯವರು ಬರೆದಿದ್ದಾರೆ.

ಕೇಳು, ಮುಚ್ಚಿಟ್ಟುಕೊಳ್ಳುವುದಿಲ್ಲ. ಇವರ ಮುಕ್ಕಾಂ ಹೇಳಿದ ದನಿ ಅಲ್ಲಿಗೆ ಹೋಯಿತು, ಅಲ್ಲಿಂದ ಶೆಲ್ಲು ಬಂತು ಎಂದು ನನ್ನ ಮನಸ್ಸು ಹೇಳುತ್ತದೆ. ಹುಚ್ಚಿ, ಸಾವಿರಾರು ಶೆಲ್ಲು ಬಿದ್ದ ಕಡೆ ಗಣಿತದ ಮಾಸ್ತರನೊಬ್ಬ ಯಾಕೆ ಬೇಕು ಎಂದು ಬುದ್ಧಿ ಹೇಳುತ್ತದೆ. ಎರಡನ್ನೂ ಕೇಳಿ ಕೇಳಿ ದಣಿದಿದ್ದೇನೆ. ನಿನ್ನ ಮೇಲೆ ಸಿಟ್ಟು ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಸದ್ಯ ಬರೆಯಬೇಡ.

ಸುಮನ್


ಮೂಡಲಗಿ
೨೬ ಸೆಪ್ಟೆಂಬರ್ ೧೯೯೯

ಸುಮನ್,

ಬರೆಯಬೇಡ ಎಂದಿದ್ದೆ, ಎರಡು ತಿಂಗಳು ಬರೆಯಲಿಲ್ಲ. ಇವತ್ತು ನಮ್ಮ ಕ್ಷಮಾವಣಿ. ದಶಲಕ್ಷಣ ಪರ್ವ ಮುಗಿದ ಮೇಲೆ ಕಂಡವರಿಗೆ, ಕಾಣದವರಿಗೆ ಎಲ್ಲರಿಗೂ ಕ್ಷಮೆ ಕೇಳುವ ದಿನ. ಕಾಲೇಜು ಬಿಟ್ಟಾಗಿನಿಂದ ಪ್ರತಿ ವರ್ಷ ನಿನಗೆ ಒಂದು ಕಾರ್ಡು ಹಾಕಿದ್ದೇನೆ: ತಿಳಿದೋ ತಿಳಿಯದೆಯೋ ನಿನ್ನ ಮನಸ್ಸು ನೋಯಿಸಿದ್ದರೆ ಕ್ಷಮಿಸು ಎಂದು. ಅಂಗಡಿಯಲ್ಲಿ ಅಚ್ಚು ಹಾಕಿದ್ದೇ ಸಿಗುತ್ತದೆ, ಕೆಳಗೆ ಹೆಸರು ಬರೆದರೆ ಮುಗಿಯಿತು. ಈ ವರ್ಷ ಒಂದು ಕಟ್ಟು ತಂದು ಊರವರಿಗೆಲ್ಲ ಹಾಕಿದೆ. ನಿನಗೆ ಹಾಕುವ ಹೊತ್ತಿಗೆ ಕೈ ಬರಲಿಲ್ಲ. ತಪ್ಪಾಗಿದೆ, ಸುಮನ್. ಅಚ್ಚಿನದಲ್ಲ, ನನ್ನ ಕೈಯಿಂದ ಬರೆಯುತ್ತಿದ್ದೇನೆ.

ಈಗ ಸುದ್ದಿ. ರಶೀದರ ಈ-ಮೇಲು ಬಂತು. ಅವರ ಅಕ್ಕ ಶಾರ್ಜಾದಲ್ಲಿ ಇದ್ದಾಳಂತೆ, ಅಲ್ಲಿಗೆ ಹೋದಾಗ ಬೇರೊಂದು ಹೆಸರಿನಿಂದ ಬರೆದಿದ್ದಾರೆ. ಅವರ ಕಥೆಯೂ ನಮ್ಮದೇ. ಹಿಂದುಸ್ತಾನದಿಂದ ಇಷ್ಟೊಂದು ಫೈಲು ನಿಮಗೆ ಯಾಕೆ ಬರುತ್ತವೆ ಎಂದು ಅವರ ಕಾಲೇಜಿನವರು ಕೇಳಿದರಂತೆ. ನಿಮ್ಮ ಪ್ರೋಗ್ರಾಮಿನಲ್ಲಿ ಕಟಕ್ ಯಾಕಿದೆ, ಹುಕ್ಕೇರಿ ಎಂದರೆ ಏನು ಎಂದು ಕೇಳಿದರಂತೆ. ನಿನ್ನನ್ನು ಕಾಕಾ ಕೇಳಿದ ಪ್ರಶ್ನೆಯೇ, ಆ ಕಡೆಯಿಂದ. ಅವರು ಪಟ್ಟಿಯನ್ನು ಮುಚ್ಚಿದ್ದಾರೆ. ಇನ್ನು ಹೊಸದು ಬರೆಯುವುದಿಲ್ಲ, ಸಾಕಾಗಿದೆ ಎಂದಿದ್ದಾರೆ. ನನ್ನ ಮಟ್ಟಿಗೆ ಒಬ್ಬ ಒಳ್ಳೆಯ ಮಾಸ್ತರ ಹೋದ ಹಾಗಾಯಿತು.

ಬಾಳೇಶ ಅವರ ದನಿಯ ಬಗ್ಗೆ ನಾನು ಕೇಳುವ ಮೊದಲೇ ರಶೀದರೇ ಬರೆದಿದ್ದಾರೆ. ಮೇ ತಿಂಗಳಲ್ಲಿ ಕಟ್ಟು ಬಿಚ್ಚಿದಾಗ ಒಮ್ಮೆ ಕೇಳಿದರಂತೆ. ಭಾಷೆ ತಿಳಿಯಲಿಲ್ಲ. ಒಬ್ಬ ಗಂಡಸು ಜೋರಾಗಿ ಏನೋ ಕೇಳುತ್ತಾನೆ, ಒಳಗಿನಿಂದ ಒಬ್ಬ ಹೆಂಗಸು ಬೈಯುತ್ತಾಳೆ. ಇದು ಮನೆಯ ಮಾತು, ತಪ್ಪಿ ಬಂದಿದೆ ಎಂದು ತಿಳಿಯಿತಂತೆ. ತಿಳಿದದ್ದು ಒಂದೇ ಶಬ್ದ, ಕಾರಗಿಲ್. ಹತ್ತು ದಿನ ಕಳೆಯುವುದರೊಳಗೆ ಆ ಶಬ್ದ ಅವರ ಊರಿನ ಎಲ್ಲರ ಬಾಯಲ್ಲೂ ಇತ್ತು. ಆಗ ಅದನ್ನು ಯಂತ್ರದಿಂದ ತೆಗೆದು, ಒಂದು ಫ್ಲಾಪಿಗೆ ಹಾಕಿ, ಹೆಂಡತಿಯ ಬಟ್ಟೆಯ ಟ್ರಂಕಿನಲ್ಲಿ ಇಟ್ಟರಂತೆ. ಸಿಕ್ಕಿದ್ದರೆ ಅವರ ಗತಿ ಏನಾಗುತ್ತಿತ್ತು ನೀನೇ ಹೇಳು. ಸುಟ್ಟುಬಿಡಿ ಎಂದು ಹೆಂಡತಿ ಹೇಳಿದಳಂತೆ. ಯಾರದೋ ಮನೆಯ ಮಾತನ್ನು ಸುಡಲು ಮನಸ್ಸಾಗಲಿಲ್ಲ ಎಂದು ಬರೆದಿದ್ದಾರೆ.

ಈ-ಮೇಲಿನ ಜೊತೆ ಆ ದನಿಯನ್ನು ಕಳುಹಿಸಿದ್ದಾರೆ. ಗೋಕಾಕದಲ್ಲಿ ಫ್ಲಾಪಿಗೆ ಇಳಿಸಿಕೊಂಡು ಬಂದೆ. ನಾನು ಕೇಳಿಲ್ಲ. ಮೂಗುತಿ ಸಿಕ್ಕಿತು ಎಂದು ಅತ್ತೆಗೆ ಹೇಳಿದೆ, ತೋರಿಸು ಎನ್ನಲಿಲ್ಲ.

ಕೇಳು, ಎಸೆ, ಕಾಕಾ ಅವರ ಕೈಗೆ ಕೊಡು. ಏನು ಮಾಡಿದರೂ ನಾನು ಯಾಕೆ ಎಂದು ಕೇಳುವುದಿಲ್ಲ. ದುರ್ಗಪ್ಪನಿಗೆ ಈ ಸಲ ಚಿಲ್ಲರೆಯ ಚೀಲದಲ್ಲಿ ಹಾಕಬೇಡ ಎಂದು ಹೇಳಿದ್ದೇನೆ. ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

ಶುಭಾಂಗಿ


ಹುಕ್ಕೇರಿ
೧೪ ನವೆಂಬರ್ ೧೯೯೯

ಶುಭಾ,

ಇವರು ದಸರೆಯ ಹೊತ್ತಿಗೆ ಬಂದರು. ನಾನು ಘಟಪ್ರಭಾ ಸ್ಟೇಶನ್ನಿಗೆ ಹೋಗಿದ್ದೆ. ಇಳಿದವರು ನನ್ನನ್ನು ನೋಡಿ ಕೂಗಿದರು, ಪ್ಲಾಟ್‌ಫಾರ್ಮಿನ ಜನ ತಿರುಗಿ ನೋಡಿದರು. ತಮ್ಮ ದನಿ ತಮಗೇ ಕೇಳುವುದಿಲ್ಲವಲ್ಲ, ಎಷ್ಟು ಜೋರು ಎಂದು ತಿಳಿಯುವುದಿಲ್ಲ. ಮೊದಲಿನ ದನಿ ಅಲ್ಲ ಅದು. ಏರಿಳಿತ ಇಲ್ಲ, ಒಂದೇ ಸಮ. ಮೊದಮೊದಲು ಕೂಗುತ್ತಿದ್ದರು, ಜನ ಬೆಚ್ಚುವುದನ್ನು ನೋಡಿ ನೋಡಿ ಈಗ ಮಾತನ್ನೇ ಕಡಿಮೆ ಮಾಡಿದ್ದಾರೆ. ನಾನು ಹೇಳುವುದನ್ನು ಪಾಟಿಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸುತ್ತೇನೆ. ಸಾತವ್ವನಿಗೆ ಬರೆಯಲು ಬರುವುದಿಲ್ಲ. ಅವರು ಮಗನ ಕೈ ಹಿಡಿದು ಕೂತುಕೊಳ್ಳುತ್ತಾರೆ.

ನಿನ್ನ ಫ್ಲಾಪಿ ಬಂದದ್ದು ಸೆಪ್ಟೆಂಬರಿನಲ್ಲೇ. ಒಬ್ಬಳೇ ಕೇಳಬಹುದಿತ್ತು. ಕೇಳಲಿಲ್ಲ. ಹೆದರಿಕೆ ಎನ್ನಬೇಕೋ ಸಿಟ್ಟು ಎನ್ನಬೇಕೋ ತಿಳಿಯದು. ನಿಜ ಹೇಳಬೇಕೆಂದರೆ ನನಗೂ ಕಾಕಾ ಅವರದೇ ಸಂಶಯ. ಅಲ್ಲಿ ನಾಲ್ಕು ತಿಂಗಳು ಇದ್ದು ಬಂದದ್ದರ ಒಳಗೆ ಏನು ಕೂತಿದೆಯೋ, ಯಾರಿಗೆ ಗೊತ್ತು? ಸೋಸಿ ನೋಡೋಣವೆಂದರೆ ಸೋಸುವ ಪ್ರೋಗ್ರಾಮೂ ಅವರದೇ. ನಂಬಿಕೆ ಇಲ್ಲದವನ ಸುದ್ದಿಯನ್ನು ಅವನನ್ನೇ ಕೇಳಿದ ಹಾಗೆ.

ನಿನ್ನೆ ಕಾಕಾ ಮೇಲೆ ಬಂದಿದ್ದರು. ಸತ್ತ ಯಂತ್ರವನ್ನು ಅವರೇ ತಮ್ಮ ಕೈಯಿಂದ ದುಡ್ಡು ಹಾಕಿ ದುರಸ್ತಿ ಮಾಡಿಸಿಕೊಟ್ಟಿದ್ದಾರೆ. ಬಿಟ್ಟು ಹೋದವರಲ್ಲಿ ಇಬ್ಬರು ಹುಡುಗಿಯರು ತಿರುಗಿ ಬಂದಿದ್ದಾರೆ. ನಾನು ಫ್ಲಾಪಿಯನ್ನು ಮೇಜಿನ ಮೇಲಿಟ್ಟು ಪಾಟಿಯ ಮೇಲೆ ಬರೆದೆ: ಎಪ್ರಿಲ್‌ದಾಗ ಮೈಕಿನ್ಯಾಗ ಆಡಿದ ಮಾತು ಸಿಕ್ಕೈತಿ. ಇವರು ಎಲ್ಲಿತ್ತು ಎಂದು ಕೇಳಿದರು. ನಾನು ಕಾಕಾ ಅವರ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಪಾಟಿ ಒರೆಸಿ, ಲಾಹೋರ ಎಂದು ಬರೆದೆ.

ಆ ಮೂರು ಅಕ್ಷರ ಓದಿದರು. ಆಮೇಲೆ ಅಂಗೈಯಿಂದ ತಾವೇ ಒರೆಸಿದರು. "ಹಚ್ಚ," ಎಂದರು.

ಹಚ್ಚಿದೆ. ಕಾಕಾ ಎದ್ದು ಹೋಗಲಿಲ್ಲ. ಅದೇ ದನಿ, ಶುಭಾ. ಏರುತ್ತದೆ, ಇಳಿಯುತ್ತದೆ, ಘೋಡಗೇರಿ ಎನ್ನುವಾಗ ಸ್ವಲ್ಪ ನಗುತ್ತದೆ. ಒಳಗಿನಿಂದ ಸಾತವ್ವ ಓಡಿ ಬಂದರು. ಕಂಪ್ಯೂಟರು ನೋಡಿದರು, ಮಗನ ಬಾಯಿ ನೋಡಿದರು, ಗೋಡೆಗೆ ಆನಿಕೊಂಡು ಕೂತರು. ಇವರು ಮಾತ್ರ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಆಮೇಲೆ ಸ್ಪೀಕರಿನ ಮೇಲೆ ಕೈಯಿಟ್ಟರು. ಮತ್ತೆ ಹಚ್ಚು ಎಂದು ಸನ್ನೆ ಮಾಡಿದರು, ಮತ್ತೆ ಹಚ್ಚಿದೆ. ದನಿಯ ನಡುಕ ಅಂಗೈಗೆ ತಿಳಿಯುತ್ತದೆಯಂತೆ.

"ಏನಂದ್ನಿ ನಾ?" ಎಂದು ಕೂಗಿದರು.

ಪಾಟಿಯ ಮೇಲೆ ಬರೆದೆ: ಕೇಳಸಾಕತ್ತೈತೇನು ಅಂದ್ರಿ.

ಓದಿದರು. ನಗಲು ಹೋದರು, ಮುಖ ಬೇರೆಯೇ ಆಯಿತು. ಮತ್ತೆ ಅದೇ ಜೋರಿನಲ್ಲಿ, ಕೆಳಗೆ ಬಜಾರದವರೆಗೆ ಕೇಳುವ ಹಾಗೆ, "ಮತ್ತ ನೀ ಏನಂದಿ?" ಎಂದರು.

ಕೇಳಸಾಕತ್ತೈತ್ರಿ, ಎಂದು ಬರೆದೆ. ಒದರಬ್ಯಾಡ್ರಿ ಎಂಬುದನ್ನು ಬರೆಯಲಿಲ್ಲ.

ಮುಂದಿನ ವಾರ ಬಾ. ಪದ್ಮವ್ವನವರಿಗೆ ನಮಸ್ಕಾರ ಹೇಳು. ಆ ಲಾಹೋರದವರ ವಿಳಾಸ ಇನ್ನೂ ನಡೆಯುತ್ತಿದ್ದರೆ ಮುಟ್ಟಿತು ಎಂದು ಒಂದು ಮಾತು ಹಾಕು. ಹೆಸರು ಬೇಡ, ಊರು ಬೇಡ. ಅವರಿಗೆ ತಿಳಿಯುತ್ತದೆ.

ಸುಮನ್